ನೀರು ನಿಲ್ಲಿಸುವ ಕೆಲಸ

ರಾತ್ರಿ ಆನೆ ಪೈಪ್ ಒಡೆದಿದೆ ಅಂತ ನಮಗೆ ಗೊತ್ತಾಗೋದು ಬೆಳಿಗ್ಗೆ ಐದೂವರೆಗೆ. ಲಾಡ್ಜಿನ ಯಾವುದೋ ರೂಮಿನಲ್ಲಿ ಜರ್ಮನಿಯವರೊಬ್ಬರು ತಲೆಗೆ ಶಾಂಪೂ ಹಚ್ಚಿಕೊಂಡು ನಿಂತಿರುತ್ತಾರೆ, ಷವರ್ ಕೈಕೊಡುತ್ತದೆ. ಅವರು ರಿಸೆಪ್ಷನ್‌ಗೆ ಫೋನ್ ಮಾಡುತ್ತಾರೆ, ರಿಸೆಪ್ಷನ್‌ನವರು ನನ್ನ ರೇಡಿಯೊಗೆ. "ಮಾತಿ, ಮಾತಿ, ಎಲ್ಲಿದ್ದೀಯ?" ಮಾತಿ ಅಂದರೆ ಇಲ್ಲಿನ ತ್ಸೋಂಗಾ ಭಾಷೆಯಲ್ಲಿ ನೀರು. ನನ್ನ ಹೆಸರು ಇವರ ನಾಲಿಗೆಗೆ ಒಗ್ಗಲಿಲ್ಲ, ಹಾಗಾಗಿ ಕೆಲಸವೇ ಹೆಸರಾಯಿತು. ಕೇಳಿದ್ದಕ್ಕೆ ಒಂದೇ ಪದದಲ್ಲಿ ಉತ್ತರ ಕೊಡೋ ನನಗೆ ಮಾತಿ ಅನ್ನೋ ಹೆಸರು ಬಂತಲ್ಲ ಅಂತ ನಮ್ಮಕ್ಕ ಇವತ್ತಿಗೂ ನಗುತ್ತಾಳೆ.

ನಾನು ರೇಂಜರ್ ಅಲ್ಲ, ಗೈಡ್ ಅಲ್ಲ. ಪಂಪ್ ರಿಪೇರಿಯವನು. ಚಳ್ಳಕೆರೆ ಕಡೆಯ ಹಳ್ಳಿ ನಮ್ಮದು. ಅಪ್ಪ ಬೋರ್ ಮೆಕ್ಯಾನಿಕ್. ನಾನು ಸ್ಕೂಲಿಗೆ ಹೋಗೋ ವಯಸ್ಸಿನಲ್ಲೇ ಅಪ್ಪನ ಹಿಂದೆ ಕ್ಲ್ಯಾಂಪು, ಸ್ಪ್ಯಾನರ್ ಹೊತ್ತುಕೊಂಡು ತೋಟ ತೋಟ ಸುತ್ತಿದವನು. ಪಾಲಿಟೆಕ್ನಿಕ್ ಮುಗಿಸಿ, ಬೆಂಗಳೂರಿನಲ್ಲಿ ಒಂದು ಸೋಲಾರ್ ಪಂಪ್ ಕಂಪನಿ ಸೇರಿ, ಅವರು ಜೊಹಾನ್ಸ್‌ಬರ್ಗ್‌ಗೆ ಕಳಿಸಿ, ಅಲ್ಲಿಂದ ಕಾಡುಪ್ರಾಣಿಗಳಿರುವ ಒಂದು ಗೇಮ್ ರಿಸರ್ವ್‌ನಲ್ಲಿ ಎಂಟು ಪಂಪ್ ಕೂರಿಸಲು ಬಂದೆ. ಕೂರಿಸಿದ ಮೇಲೆ ಅವನ್ನು ನೋಡಿಕೊಳ್ಳೋಕೆ ಯಾರೂ ಇಲ್ಲ ಅಂತ ಇಲ್ಲೇ ಉಳಿಸಿಕೊಂಡರು. ಆರು ವಾರ ಕೆಲಸ, ಎರಡು ವಾರ ರಜೆ. ವರ್ಷಕ್ಕೊಮ್ಮೆ ಊರು.

ಇದು ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯ. ಹತ್ತಿರದ ಪೇಟೆ ಹುಡ್‌ಸ್ಪ್ರೇಟ್. ಪಶ್ಚಿಮಕ್ಕೆ ನೋಡಿದರೆ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲು, ಪೂರ್ವಕ್ಕೆ ನಡೆದರೆ ಕ್ರೂಗರ್ ನ್ಯಾಷನಲ್ ಪಾರ್ಕ್. ನಡೆಯಬಾರದು, ಅದು ಬೇರೆ ವಿಷಯ. ಕ್ರೂಗರ್ ಒಂದೇ 19,485 ಚದರ ಕಿಲೋಮೀಟರ್, ಅಂದರೆ ಹತ್ತಿರ ಹತ್ತಿರ ಕರ್ನಾಟಕದ ಹತ್ತನೇ ಒಂದು ಭಾಗ. ಅದರ ಪಶ್ಚಿಮದ ಅಂಚಿಗೆ ಟಿಂಬವಾಟಿ, ಕ್ಲಾಸೇರಿ, ಸಾಬಿ ಸ್ಯಾಂಡ್ ಅಂತ ಖಾಸಗಿ ರಿಸರ್ವ್‌ಗಳು ಅಂಟಿಕೊಂಡಿವೆ. ಮಧ್ಯೆ ಇದ್ದ ಬೇಲಿಯನ್ನು 1993ರ ಸುಮಾರಿಗೆ ತೆಗೆಯಲು ಶುರು ಮಾಡಿದರು. ಈಗ ಆನೆಗೆ ಯಾವುದು ಸರ್ಕಾರದ್ದು, ಯಾವುದು ಸಾಹುಕಾರನದ್ದು ಅನ್ನೋ ಲೆಕ್ಕ ಇಲ್ಲ. ನಾನಿರುವ ರಿಸರ್ವ್ ಹೆಸರು ಬೇಡ, ಸಂಬಳ ಕೊಡೋರು ಅವರು.

ಬಂದ ಹೊಸದರಲ್ಲಿ ನನಗೆ ಆಶ್ಚರ್ಯ ಆಗಿದ್ದು ಸಿಂಹ ಕಂಡು ಅಲ್ಲ, ಮಣ್ಣು ಕಂಡು. ನಮ್ಮೂರಿನದೇ ಕೆಂಪು ಗರಸು ಮಣ್ಣು, ಅದೇ ಥರ ಅಲ್ಲಲ್ಲಿ ಬಂಡೆ, ಅದೇ ಮುಳ್ಳಿನ ಗಿಡ. ಮಳೆಯೂ ಎರಡೂ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಬಂದರೆ. ತಿಂಗಳುಗಳು ಮಾತ್ರ ತಿರುಗಾಮುರುಗಾ. ನಮ್ಮಲ್ಲಿ ಮುಂಗಾರು ಶುರುವಾಗೋ ಹೊತ್ತಿಗೆ ಇಲ್ಲಿ ಒಣ ಚಳಿಗಾಲ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಆಕಾಶ ಖಾಲಿ. ಬೋರ್ ಪಾಯಿಂಟ್ ತೋರಿಸೋಕೆ ನಮ್ಮಲ್ಲಿ ತೆಂಗಿನಕಾಯಿ ಹಿಡಿದು ನಡೀತಾರಲ್ಲ, ಇಲ್ಲಿ ಕವೆಗೋಲು ಹಿಡಿದು ನಡೆಯುವ ಬಿಳಿ ರೈತರಿದ್ದಾರೆ. ನೀರಿನ ಅಳತೆ ಮಾತ್ರ ಬೇರೆ. ನಾವು "ಎರಡಿಂಚು ನೀರು ಬಿತ್ತು" ಅಂತೀವಿ, ಇವರು ಗಂಟೆಗೆ ಇಷ್ಟು ಲೀಟರ್ ಅಂತಾರೆ. ಮೊದಲ ವರ್ಷವೆಲ್ಲ ಇವರು ಲೀಟರ್ ಹೇಳೋದು, ನಾನು ಮನಸ್ಸಿನಲ್ಲೇ ಇಂಚಿಗೆ ಇಳಿಸೋದು.

ಪೈಪ್ ಒಡೆದ ಬೆಳಿಗ್ಗೆ ನಾನೊಬ್ಬನೇ ಹೋಗುವ ಹಾಗಿಲ್ಲ. ಜೊತೆಗೆ ಕೋವಿ ಹಿಡಿದ ಒಬ್ಬರು ಬರಬೇಕು ಅನ್ನೋದು ನಿಯಮ. ನನ್ನ ಜೊತೆ ಬರುವವರನ್ನು ಎಲ್ಲರೂ ತಾತಾನಾ ಅಂತಾರೆ. ತ್ಸೋಂಗಾದಲ್ಲಿ ಹಾಗಂದರೆ ಅಪ್ಪ, ಅಥವಾ ಹಿರಿಯರನ್ನು ಗೌರವದಿಂದ ಕರೆಯೋ ಮಾತು. ನಾನು ಮೊದಲ ದಿನ ತಾತ ಅಂತಲೇ ಕೇಳಿಸಿಕೊಂಡೆ. ಅರವತ್ತು ದಾಟಿದ ಮನುಷ್ಯ, ತಲೆ ಬೆಳ್ಳಗಾಗಿದೆ, ನನಗೂ ಹಾಗೇ ಸರಿ ಅನ್ನಿಸಿತು. ಹಿಂದೆ ಟ್ರ್ಯಾಕರ್ ಆಗಿದ್ದವರು, ಅಂದರೆ ಸಫಾರಿ ಗಾಡಿಯ ಬಾನೆಟ್ ತುದಿಯ ಸೀಟಿನಲ್ಲಿ ಕೂತು ಹೆಜ್ಜೆ ಓದುವವರು. ಮಂಡಿ ನೋವು ಬಂದ ಮೇಲೆ ನನ್ನ ಕಾವಲಿಗೆ ಹಾಕಿದ್ದಾರೆ. ಮಂಡಿ ನೋವಿನವರು ನನ್ನನ್ನು ಸಿಂಹದಿಂದ ಕಾಪಾಡಬೇಕು ಅಂತ ನಾನು ಒಂದು ಸಲ ತಮಾಷೆ ಮಾಡಿದ್ದೆ. "ಓಡೋಕೆ ಬರದವನೇ ಒಳ್ಳೇ ಕಾವಲುಗಾರ, ಓಡಿದವರನ್ನೇ ಅವು ಹಿಡಿಯೋದು" ಅಂದರು.

ನಮ್ಮ ಕಡೆ ದೇವರ ಎತ್ತು ಕಾಯುವ ಕಿಲಾರಿಗಳನ್ನು ನೋಡಿದವರಿಗೆ ತಾತಾನಾ ಹೊಸಬರು ಅನ್ನಿಸಲ್ಲ. ಅದೇ ನಡಿಗೆ, ಅದೇ ನೆಲ ನೋಡೋ ಕಣ್ಣು. ಬಕಿ ನಿಲ್ಲಿಸಿ ಇಳಿದು (ಇಲ್ಲಿ ಪಿಕಪ್ ಗಾಡಿಗೆ ಬಕಿ ಅಂತಾರೆ) ಧೂಳಿನ ಮೇಲೆ ಬಗ್ಗಿ, "ಮೂರು ಹೆಣ್ಣಾನೆ, ಒಂದು ಮರಿ, ಬೆಳಗಿನ ಜಾವ" ಅನ್ನುತ್ತಾರೆ. ಬೆಳಗಿನ ಜಾವ ಅಂತ ಹೇಗೆ ಗೊತ್ತು? ರಾತ್ರಿ ಓಡಾಡುವ ಸಣ್ಣ ಹುಳದ ಸಾಲು ಆನೆ ಹೆಜ್ಜೆಯ ಕೆಳಗೆ ಅಳಿಸಿತ್ತು, ಮೇಲೆ ಹೊಸ ಸಾಲು ಇರಲಿಲ್ಲ. ಅಷ್ಟೇ. ಹೇಳಿದ ಮೇಲೆ ಯಾರಿಗಾದರೂ ಕಾಣುತ್ತದೆ.

ಆನೆ ಪೈಪ್ ಒಡೆಯೋದು ಕೀಟಲೆಗೆ ಅಂತ ಲಾಡ್ಜಿನವರು ತಿಳಿದಿದ್ದಾರೆ. ಹಾಗಲ್ಲ. ಆನೆಗೆ ಒಳ್ಳೇ ನೀರು ಬೇಕು. ಎಮ್ಮೆ ಹೊರಳಾಡಿದ, ಸಗಣಿ ತೇಲುವ ಹೊಂಡದ ನೀರಿಗಿಂತ ಬೋರಿನಿಂದ ಆಗಷ್ಟೇ ಬರುವ ತಣ್ಣನೆ ನೀರು ಅದಕ್ಕೆ ಇಷ್ಟ. ಹೊಂಡದ ಬದಿಗೆ ಬಂದರೂ ಪೈಪಿನ ಬಾಯಿಗೇ ಸೊಂಡಿಲು ಇಟ್ಟು ಕುಡಿಯುತ್ತದೆ. ಪೈಪು ಭೂಮಿಯೊಳಗೆ ಎಲ್ಲಿ ಹೋಗುತ್ತದೆ ಅನ್ನೋದೂ ಅದಕ್ಕೆ ಗೊತ್ತು. ಎರಡು ಅಡಿ ಆಳಕ್ಕೆ ಹೂತರೆ ಕಾಲಿನಿಂದ ಕೆರೆದು ತೆಗೆಯುತ್ತದೆ, ಮೂರು ಅಡಿಗೆ ಹೂತರೆ ವಾಲ್ವ್ ಇರುವ ಕಡೆ ಹುಡುಕುತ್ತದೆ. ಕೊನೆಗೆ ನಾವು ವಾಲ್ವ್ ಸುತ್ತ ಚೂಪು ಕಲ್ಲು ಹಾಸಿದೆವು. ಆನೆಯ ಅಂಗಾಲು ಮೆತ್ತಗೆ, ಚೂಪು ಕಲ್ಲಿನ ಮೇಲೆ ಕಾಲಿಡಲ್ಲ. ಅದನ್ನು ಕಲಿಸಿದ್ದೂ ತಾತಾನಾನೇ. ನಾನು ಕಾಂಕ್ರೀಟಿನ ಲೆಕ್ಕ ಹಾಕಿಕೊಂಡು ಕೂತಿದ್ದೆ.

ಕೆಲಸ ಮುಗಿಸಿ ಬರೋ ಹೊತ್ತಿಗೆ ಸ್ಟಾಫ್ ಅಡುಗೆಮನೆಯಲ್ಲಿ ಪಾಪ್ ರೆಡಿ. ಪಾಪ್ ಅಂದರೆ ಬೇರೇನಲ್ಲ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕೈಯಲ್ಲೇ ಮುರಿದು, ಉಂಡೆ ಮಾಡಿ, ಅದ್ದಿ ತಿನ್ನೋದು. ಜೊತೆಗೆ ಮಿರೊಹೊ ಅಂತ ಸೊಪ್ಪಿನ ಪಲ್ಯ, ಕಡ್ಲೆಕಾಯಿ ಬೀಜ ಕುಟ್ಟಿ ಹಾಕಿರುತ್ತಾರೆ. ಇವರು ಅಗಿದು ತಿನ್ನುತ್ತಾರೆ, ನಾನು ನುಂಗುತ್ತೇನೆ. ಮೊದಲ ಸಲ ನಾನು ಪಾಪ್ ನುಂಗಿದ್ದು ನೋಡಿ ಅಡುಗೆಯವರು ಗಾಬರಿಯಾಗಿ ನೀರು ತಂದುಕೊಟ್ಟರು, ಗಂಟಲಲ್ಲಿ ಸಿಕ್ಕಿಕೊಂಡಿತು ಅಂದುಕೊಂಡು.

ರಾತ್ರಿ ಬೇರೆ ಲೋಕ. ಸ್ಟಾಫ್ ಮನೆಗಳ ಸುತ್ತ ಒಂದೇ ಒಂದು ಕರೆಂಟ್ ತಂತಿ ಇದೆ, ಎದೆಗಿಂತ ಎತ್ತರದಲ್ಲಿ. ಅದು ಆನೆಗೆ. ಮಿಕ್ಕವೆಲ್ಲ ಅದರ ಕೆಳಗೆ ಆರಾಮಾಗಿ ನುಸುಳುತ್ತವೆ. ಕತ್ತಲಾದ ಮೇಲೆ ರೂಮಿಂದ ಊಟದ ಮನೆಗೆ ಹೋಗಲೂ ಟಾರ್ಚ್ ಹಿಡಿದ ಗಾರ್ಡ್ ಬೇಕು. ನಾನು ಬಂದ ಎರಡನೇ ವಾರ ಹೊಸ ಸೇಫ್ಟಿ ಶೂ ಬಾಗಿಲ ಹೊರಗೆ ಬಿಟ್ಟೆ. ಊರಿನ ಅಭ್ಯಾಸ, ಶೂ ಒಳಗೆ ತರಬಾರದು ಅಂತ. ಬೆಳಿಗ್ಗೆ ಒಂದು ಶೂ ಇಲ್ಲ. ಕತ್ತೆಕಿರುಬಕ್ಕೆ ಚರ್ಮ ಅಂದರೆ ಹಪ್ಪಳ ಇದ್ದ ಹಾಗೆ. ಕೆಲವು ದಿನ ಆದಮೇಲೆ ತಾತಾನಾ ಒಂದು ಬಿಲದ ಹತ್ತಿರ ಅದರ ಸ್ಟೀಲ್ ಟೋಪಿ ಮಾತ್ರ ಹುಡುಕಿ ತಂದುಕೊಟ್ಟರು. ಅದನ್ನು ನಾನು ಈಗ ನಟ್ಟು ಬೋಲ್ಟ್ ಹಾಕಿಡಲು ಬಳಸುತ್ತೇನೆ.

ತರಕರಡಿ (ಹನಿ ಬ್ಯಾಡ್ಜರ್) ಇನ್ನೊಂದು. ನಮ್ಮ ಕಡೆಯೂ ಇದೆ, ಕಂಡವರು ಕಮ್ಮಿ. ಇಲ್ಲಿ ಅದು ಅಡುಗೆಮನೆಯ ಶಾಶ್ವತ ಶತ್ರು. ಚಿಲಕ ಹಾಕಿದರೆ ಚಿಲಕ ತೆಗೆಯುತ್ತದೆ, ಫ್ರಿಜ್‌ಗೆ ಬೆಲ್ಟ್ ಕಟ್ಟಿದರೆ ಬೆಲ್ಟ್ ಬಿಚ್ಚುತ್ತದೆ. ಒಂದು ರಾತ್ರಿ ಒಳಗೆ ಸಿಕ್ಕಿಹಾಕಿಕೊಂಡು, ಹೊರಗೆ ಬರೋ ದಾರಿ ಕಾಣದೆ, ಕೂಲಾಗಿ ಎರಡು ಕೇಜಿ ಬೆಣ್ಣೆ ತಿಂದು ಹಿಟ್ಟಿನ ಮೂಟೆ ಮೇಲೆ ಮಲಗಿತ್ತು. ಬೆಳಿಗ್ಗೆ ಬಾಗಿಲು ತೆಗೆದವರನ್ನೇ ಗದರಿಸಿಕೊಂಡು ಹೋಯಿತು.

ನನ್ನ ಕೆಲಸಕ್ಕೆ ಜಾಸ್ತಿ ತೊಂದರೆ ಕೊಡೋವು ದೊಡ್ಡ ಪ್ರಾಣಿಗಳಲ್ಲ. ಇರುವೆ. ಕಂಟ್ರೋಲ್ ಬಾಕ್ಸಿನ ಕಾಂಟ್ಯಾಕ್ಟರ್ ಮಧ್ಯೆ ನುಗ್ಗಿ ಸಾಯುತ್ತವೆ, ಪಾಯಿಂಟ್ ಕೂಡಲ್ಲ, ಪಂಪ್ ನಿಲ್ಲುತ್ತದೆ. ನಮ್ಮೂರ ಸ್ಟಾರ್ಟರ್‌ನಲ್ಲಿ ಹಲ್ಲಿ ಸಾಯಲ್ವಾ, ಹಾಗೇ. ಆ ಇರುವೆಗೆ ಹಲ್ಲಿ ಬರುತ್ತದೆ, ಹಲ್ಲಿಗೆ ಹಾವು. ಇಲ್ಲಿ ಉಗುಳುವ ನಾಗರಹಾವು ಒಂದಿದೆ, ನೇರ ಕಣ್ಣಿಗೇ ಗುರಿಯಿಟ್ಟು ವಿಷ ಚಿಮ್ಮಿಸುತ್ತದೆ. ಹಾಗಾಗಿ ಪಂಪ್ ಮನೆ ಬಾಗಿಲು ತೆಗೆಯುವ ಮೊದಲು ಕನ್ನಡಕ ಹಾಕಿಕೊಳ್ಳಬೇಕು, ಕೋಲಿನಿಂದ ಬಾಗಿಲು ಬಡಿಯಬೇಕು, ಒಂದು ನಿಮಿಷ ಕಾಯಬೇಕು. ನಾನು ಈಗ ಊರಿಗೆ ಹೋದಾಗಲೂ ಬಚ್ಚಲ ಬಾಗಿಲು ಬಡಿದು ಒಂದು ನಿಮಿಷ ನಿಲ್ಲುತ್ತೇನೆ. ಒಳಗಿರೋರು ಬೈಯುತ್ತಾರೆ.

ಸಿಂಹದ ವಿಷಯ ಹೇಳದಿದ್ದರೆ ಓದೋರು ಸುಮ್ನಿರಲ್ಲ, ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಸಿಮೆಂಟ್ ಟ್ಯಾಂಕಿನ ಬಾಲ್ ವಾಲ್ವ್ ಬದಲಿಸಲು ಹೋಗಿದ್ದೆವು. ತಾತಾನಾ ಒಂದು ಸುತ್ತು ಬಂದು ನೋಡಿ ಸರಿ ಅಂದರು, ನಾನು ಏಣಿ ಹಾಕಿ ಹತ್ತಿದೆ. ಮೇಲಿಂದ ಕೆಳಗೆ ನೋಡಿದರೆ ಟ್ಯಾಂಕಿನ ಆ ಕಡೆ ನೆರಳಲ್ಲಿ, ಗೋಡೆಗೆ ಬೆನ್ನು ಒತ್ತಿಕೊಂಡು, ಹೆಣ್ಣು ಸಿಂಹ ಮಲಗಿದೆ. ನಾವು ಬಂದಾಗ ಪೊದೆಯಲ್ಲಿತ್ತೋ ಏನೋ, ತಾತಾನಾ ಈ ಕಡೆ ತಿರುಗಿದ ಮೇಲೆ ಬಂದು ಮಲಗಿರಬೇಕು. ನನಗೂ ಅದಕ್ಕೂ ಮಧ್ಯೆ ಎಂಟು ಅಡಿ. ಅದು ತಲೆಯೆತ್ತಿ ನನ್ನ ಕಡೆ ನೋಡಿತು. ಸಿಟ್ಟಿಲ್ಲ, ಕುತೂಹಲವೂ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವರನ್ನು ಎಬ್ಬಿಸಿದರೆ ನೋಡ್ತಾರಲ್ಲ, ಆ ನೋಟ. ನನ್ನ ಕೈಯಿಂದ ಸ್ಪ್ಯಾನರ್ ಟ್ಯಾಂಕಿನೊಳಗೆ ಬಿತ್ತು. ನಲವತ್ತು ನಿಮಿಷ ನಾನು ಟ್ಯಾಂಕಿನ ಅಂಚಿನ ಮೇಲೆ, ತಾತಾನಾ ಗಾಡಿಯ ಪಕ್ಕ, ಅದು ನೆರಳಲ್ಲಿ. ನೆರಳು ಸರಿದಾಗ ಅದೂ ಎದ್ದು ಹೋಯಿತು. ಆ ಸ್ಪ್ಯಾನರ್ ಇನ್ನೂ ಟ್ಯಾಂಕಿನ ತಳದಲ್ಲೇ ಇದೆ.

ಸಿಂಹಕ್ಕಿಂತ ನಾನು ಹೆದರೋದು ದಗಾ ಬಾಯ್ಸ್‌ಗೆ. ಹಿಂಡಿನಿಂದ ಹೊರಬಿದ್ದ ಮುದಿ ಗಂಡು ಕಾಡೆಮ್ಮೆಗಳಿಗೆ ಇಲ್ಲಿ ಹಾಗಂತಾರೆ. ದಗಾ ಅಂದರೆ ಇಲ್ಲಿನ ಮಾತಿನಲ್ಲಿ ಕೆಸರು, ಸದಾ ಕೆಸರಲ್ಲಿ ಮಲಗಿರುತ್ತವಲ್ಲ ಅದಕ್ಕೆ. ನಮ್ಮ ಅರ್ಥದಲ್ಲಿ ತಗೊಂಡರೂ ತಪ್ಪಿಲ್ಲ. ಕಲ್ಲಿನ ಹಾಗೆ ಬಿದ್ದಿರುತ್ತದೆ, ಯಾವಾಗ ಎದ್ದು ನುಗ್ಗುತ್ತದೋ ಹೇಳೋಕಾಗಲ್ಲ. ನಮ್ಮ ರಿಸರ್ವ್‌ನಲ್ಲಿ ಹಳೇ ವಿಂಡ್‌ಮಿಲ್ ಅಂತ ಕರೆಯುವ ಒಂದು ನೀರಿನ ಹೊಂಡ ಇತ್ತು. ಗಾಳಿಚಕ್ರ ಬಿದ್ದು ಎಷ್ಟೋ ವರ್ಷ ಆಗಿದೆ, ಹೆಸರು ಉಳಿದಿದೆ. ಅಲ್ಲಿ ಒಬ್ಬ ದಗಾ ಇದ್ದ. ಒಂದು ಕೊಂಬು ಸವೆದು ಬುಡಕ್ಕೆ ಬಂದಿತ್ತು. ನಾನು ಅಲ್ಲಿನ ಪಂಪ್ ನೋಡಲು ಹೋದಾಗೆಲ್ಲ ಕೆಸರಿನಿಂದ ಮೂಗೆತ್ತಿ, ನಾನು ಅವನಿಗೆ ಸಾಲ ಕೊಡಬೇಕೇನೋ ಅನ್ನೋ ಹಾಗೆ ನೋಡುತ್ತಿದ್ದ. ಈ ಬರಹ ನಿಜವಾಗಿ ಆ ಹೊಂಡದ ಬಗ್ಗೆ.

ಎರಡು ವರ್ಷದ ಕೆಳಗೆ, ಮಾರ್ಚ್‌ನಲ್ಲಿ, ರಿಸರ್ವ್‌ನ ಇಕಾಲಜಿಸ್ಟ್, ಅಂದರೆ ಪರಿಸರ ತಜ್ಞೆ, ನನ್ನನ್ನು ಕರೆದಳು. ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿ, ಕೆಲಸದಲ್ಲಿ ಖಡಕ್. ಹಳೇ ವಿಂಡ್‌ಮಿಲ್‌ನ ಪಂಪ್ ಎತ್ತಿಬಿಡು ಅಂದಳು. ಕೆಟ್ಟಿಲ್ಲವಲ್ಲ ಅಂದೆ. ಗೊತ್ತು, ನೀರು ನಿಲ್ಲಿಸಬೇಕು ಅಂದಳು.

ನಾನು ಹುಟ್ಟಿದಾಗಿನಿಂದ ನೀರು ಬರಿಸೋ ಕೆಲಸವನ್ನೇ ನೋಡಿದವನು. ಫೇಲಾದ ಬೋರಿನ ಪಕ್ಕ ಕೂತು ಅತ್ತವರನ್ನು ನೋಡಿದ್ದೇನೆ. ನಮ್ಮವ್ವ ಪ್ರತಿ ಬೇಸಿಗೆ ರಸ್ತೆ ಬದಿ ಚಪ್ಪರ ಹಾಕಿ ಎರಡು ಹರವಿ ಇಟ್ಟು ಅರವಟ್ಟಿಗೆ ನಡೆಸುತ್ತಾಳೆ, ಒಂದರಲ್ಲಿ ನೀರು, ಒಂದರಲ್ಲಿ ಮಜ್ಜಿಗೆ. ಊರ ಹೊರಗೆ ಗೋಕಟ್ಟೆ ಇದೆ, ದನಕರು ಕುಡಿಯಲಿ ಅಂತ ಯಾವ ಕಾಲದವರೋ ಕಟ್ಟಿಸಿದ್ದು. ಅದನ್ನು ಕಟ್ಟಿಸಿದವರ ಹೆಸರು ಯಾರಿಗೂ ಗೊತ್ತಿಲ್ಲ, ಪುಣ್ಯ ಬಂದಿದೆ ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ಅಂಥ ಊರಿನವನಿಗೆ, ಬರುತ್ತಿರುವ ನೀರು ನಿಲ್ಲಿಸು ಅಂದರೆ?

ಆ ಹುಡುಗಿ ಕಂಪ್ಯೂಟರ್‌ನಲ್ಲಿ ಮೇಲಿಂದ ತೆಗೆದ ಫೋಟೊಗಳನ್ನು ತೋರಿಸಿದಳು. ಪ್ರತಿ ಹೊಂಡದ ಸುತ್ತ ದುಂಡಗೆ ಬೋಳು ನೆಲ. ಬೆಳ್ಳಿ ನಾಣ್ಯ ಚೆಲ್ಲಿದ ಹಾಗೆ. ಎರಡು ಹೊಂಡ ಹತ್ತಿರ ಇದ್ದ ಕಡೆ ನಾಣ್ಯಗಳು ಒಂದಕ್ಕೊಂದು ಕೂಡಿಕೊಂಡು ಮಧ್ಯೆ ಹುಲ್ಲೇ ಇಲ್ಲ. ಆಮೇಲೆ ಕ್ರೂಗರ್‌ನ ಕಥೆ ಹೇಳಿದಳು. ಅದನ್ನು ನಾನು ಆಮೇಲೆ ಓದಿಯೂ ತಿಳಿದುಕೊಂಡೆ.

ಕ್ರೂಗರ್ ನ್ಯಾಷನಲ್ ಪಾರ್ಕ್ ಆಗಿದ್ದು 1926ರಲ್ಲಿ. 1930ರ ದಶಕದಲ್ಲಿ ಬರ ಬಂದು ಪ್ರಾಣಿಗಳು ಸೊರಗಿದಾಗ ಬೋರ್ ಕೊರೆಸಲು ಶುರು ಮಾಡಿದರು. ಒಳ್ಳೇ ಮನಸ್ಸಿನಿಂದಲೇ. ಮುಂದೆ 1960ರ ಸುಮಾರಿಗೆ ಪಶ್ಚಿಮಕ್ಕೆ ಬೇಲಿ ಬಂತು, ದನಗಳಿಗೆ ಕಾಲುಬಾಯಿ ಜ್ವರ ಹರಡಬಾರದು ಅಂತ. ಮೊದಲೆಲ್ಲ ಒಣ ತಿಂಗಳುಗಳಲ್ಲಿ ಬೆಟ್ಟದ ಬುಡದ ಕಡೆ ನೀರಿಗೆ ಹೋಗುತ್ತಿದ್ದ ಪ್ರಾಣಿಗಳು ಬೇಲಿಗೆ ಮುಖ ಕೊಟ್ಟು ನಿಂತವು. ಹಾಗಾಗಿ ಇನ್ನಷ್ಟು ಬೋರು. ಒಟ್ಟು 300ಕ್ಕೂ ಜಾಸ್ತಿ. ಗಾಳಿಚಕ್ರ, ತೊಟ್ಟಿ, ಕಟ್ಟೆ. ನಮ್ಮವ್ವ ನೋಡಿದ್ದರೆ ಕೈ ಮುಗಿಯುತ್ತಿದ್ದಳು.

ಕ್ರೂಗರ್‌ನ ಉತ್ತರದಲ್ಲಿ ರೋನ್ ಅಂತ ಒಂದು ದೊಡ್ಡ ಜಿಂಕೆ ಜಾತಿ ಇದೆ. ಕುದುರೆಯಷ್ಟು ಎತ್ತರ, ಹಿಂದಕ್ಕೆ ಬಾಗಿದ ಕೊಂಬು, ಮುಖಕ್ಕೆ ಕಪ್ಪು ಬಿಳುಪಿನ ಮುಖವಾಡ ಹಾಕಿಕೊಂಡ ಹಾಗೆ ಬಣ್ಣ. ಅದಕ್ಕೆ ಎತ್ತರದ ಹುಲ್ಲು ಬೇಕು, ಮರಿಗಳನ್ನು ಅದರಲ್ಲೇ ಅಡಗಿಸಿಡುತ್ತದೆ. ಅದು ಇದ್ದ ಜಾಗದಲ್ಲಿ ಮೊದಲು ನೀರು ಕಮ್ಮಿ, ಹಾಗಾಗಿ ಬೇರೆ ಪ್ರಾಣಿಯೂ ಕಮ್ಮಿ. ಬೋರು ಬಂತು. ನೀರು ಬಂದಲ್ಲಿಗೆ ಜೀಬ್ರಾ, ವಿಲ್ಡಬೀಸ್ಟ್ ಹಿಂಡು ಹಿಂಡಾಗಿ ಬಂದವು. ಹುಲ್ಲು ಮೇದು ಗಿಡ್ಡ ಮಾಡಿದವು. ಅವುಗಳ ಹಿಂದೆ ಸಿಂಹ. 1986ರಲ್ಲಿ ಸುಮಾರು 450 ಇದ್ದ ರೋನ್, 1993ರ ಹೊತ್ತಿಗೆ 45 ಆಯಿತು. ಆಮೇಲೆ ಪಾರ್ಕಿನವರು ಬೋರುಗಳನ್ನು ಒಂದೊಂದಾಗಿ ಮುಚ್ಚಲು ಶುರು ಮಾಡಿದರು.

ಪಕ್ಕದ ಕ್ಲಾಸೇರಿಯದು ಇನ್ನೊಂದು ಥರ. ಅಲ್ಲಿ ಎಲ್ಲೆಲ್ಲೂ ನೀರು ಕೊಟ್ಟಿದ್ದರು. 1982-83ರ ಬರದಲ್ಲಿ ಅಲ್ಲಿ ಪ್ರಾಣಿಗಳು ರಾಶಿ ರಾಶಿ ಸತ್ತವು. ತೊಟ್ಟಿಯಲ್ಲಿ ನೀರಿತ್ತು. ನಡೆದು ಹೋಗೋ ದೂರದಲ್ಲಿ ಹುಲ್ಲಿರಲಿಲ್ಲ. ನೀರು ದೂರ ಇದ್ದಿದ್ದರೆ ಅಲ್ಲಲ್ಲಿ ಮೇವು ಉಳಿದು, ಬರಗಾಲಕ್ಕೆ ಆಗುತ್ತಿತ್ತು.

ಆನೆಯ ಲೆಕ್ಕವೂ ಇದರೊಳಗೇ ಬರುತ್ತದೆ. ಕ್ರೂಗರ್‌ನಲ್ಲಿ ಆನೆ ಜಾಸ್ತಿಯಾಯಿತು ಅಂತ 1967ರಿಂದ 1994ರವರೆಗೆ 14,000ಕ್ಕೂ ಹೆಚ್ಚು ಆನೆಗಳನ್ನು ಪಾರ್ಕಿನವರೇ ತೆಗೆದರು, ಬಹುಪಾಲು ಗುಂಡಿಟ್ಟು. ಒಂದು ಕಡೆ ಬೋರು ಕೊರೆದು ನೀರು ಕೊಡೋದು, ಇನ್ನೊಂದು ಕಡೆ ಜಾಸ್ತಿ ಆದವು ಅಂತ ಕೊಲ್ಲೋದು. ಈಗ ಕೊಲ್ಲುತ್ತಿಲ್ಲ, ಸಂಖ್ಯೆ 20,000 ದಾಟಿದೆ. 2023ರ ಗಣತಿಯಲ್ಲಿ ಇಡೀ ಕರ್ನಾಟಕಕ್ಕೆ 6,395 ಆನೆ ಅಂತ ಬಂದಿತ್ತಲ್ಲ, ಅದು ದೇಶಕ್ಕೇ ಜಾಸ್ತಿ.

ಇದೆಲ್ಲ ತಲೆಗೆ ಹೋಯಿತು. ಕೈಗೆ ಹೋಗಲಿಲ್ಲ. ಲಾಡ್ಜ್ ಮ್ಯಾನೇಜರ್‌ಗೂ ಇಷ್ಟ ಇರಲಿಲ್ಲ, ಅವರ ಕಾರಣ ಬೇರೆ: ಸಂಜೆ ಐದಕ್ಕೆ ಗೆಸ್ಟ್‌ಗಳನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಏನಾದರೂ ಕಂಡೇ ಕಾಣುತ್ತಿತ್ತು. ಗ್ಲಾಸು ಕೈಯಲ್ಲಿ ಹಿಡಿದು ಸೂರ್ಯ ಮುಳುಗೋದು ನೋಡೋ ಜಾಗ ಅದು. ನೀರಿಲ್ಲದ ಕಡೆ ಪ್ರಾಣಿ ಹುಡುಕಬೇಕು, ಹುಡುಕಿದರೂ ಸಿಗದೇ ಇರಬಹುದು. ಪಕ್ಕದ ಜಮೀನಿನ ಮಾಲೀಕರು ತಮ್ಮ ಹೊಂಡ ಮುಚ್ಚಲ್ಲ ಅಂದಿದ್ದರು, ನಾವ್ಯಾಕೆ ಮುಚ್ಚಬೇಕು ಅನ್ನೋ ವಾದ. ನಮ್ಮೂರಲ್ಲೂ ಇದೇ ವಾದ, ಉಲ್ಟಾ. ಪಕ್ಕದವನು 800 ಅಡಿ ಕೊರೆಸಿದ, ನಾವ್ಯಾಕೆ 900 ಕೊರೆಸಬಾರದು ಅಂತ. ಅಪ್ಪ ಕೆಲಸ ಶುರು ಮಾಡಿದ ಕಾಲದಲ್ಲಿ 150 ಅಡಿಗೆ ನೀರು ಸಿಗುತ್ತಿತ್ತಂತೆ. ನೀರು ಸುಲಭವಾಗಿ ಕೊಟ್ಟೇ ನೆಲ ಕೆಡಿಸಿದೆವು ಅಂತ ಊರಲ್ಲಿ ನಿಂತು ಹೇಳಿದರೆ ಹೊಡೀತಾರೆ, ನಾನೂ ಹೇಳಿಲ್ಲ.

ಏಪ್ರಿಲ್ ಕೊನೆಯಲ್ಲಿ ಮೋಟಾರ್ ಎತ್ತಿದೆವು. 70 ಮೀಟರ್ ಆಳಕ್ಕೆ ನಾನೇ ಇಳಿಸಿದ್ದು. ಪೈಪಿನ ತುದಿಯನ್ನು ಬಕಿಗೆ ಕಟ್ಟಿ ತಾತಾನಾ ನಿಧಾನಕ್ಕೆ ಮುಂದೆ ಹೋಗುತ್ತಿದ್ದರು, ನಾನು ಕೇಸಿಂಗ್ ಬಾಯಿಯ ಹತ್ತಿರ ನಿಂತು ಉಜ್ಜದ ಹಾಗೆ ಹಿಡಿದುಕೊಳ್ಳುತ್ತಿದ್ದೆ. ಊರಲ್ಲಿ ಟ್ರಾಕ್ಟರ್ ಕಟ್ಟಿ ಎಳೆಯುವ ಹಾಗೇ. ಮೋಟಾರ್ ಮೇಲೆ ಬಂತು, ಒದ್ದೆ, ತಣ್ಣಗೆ, ಒಂದು ಗೀಚೂ ಇಲ್ಲ. ಸುಟ್ಟುಹೋದ ಮೋಟಾರ್ ಎತ್ತಿದರೆ ವಾಸನೆ ಬರುತ್ತದೆ. ಇದರಲ್ಲಿ ಬರೀ ನೀರಿನ ವಾಸನೆ. ಕೇಸಿಂಗ್ ಮೇಲೆ ಕ್ಯಾಪ್ ಇಟ್ಟು ವೆಲ್ಡ್ ಮಾಡುವ ಮೊದಲು ಅಪ್ಪ ಮಾಡುವ ಹಾಗೆ ಒಂದು ಸಣ್ಣ ಕಲ್ಲು ಒಳಗೆ ಬಿಟ್ಟೆ. ನೀರು ಮುಟ್ಟಿದ ಶಬ್ದ ಬೇಗನೇ ಬಂತು. ಒಳ್ಳೇ ಬೋರು ಅದು.

ಹೊಂಡ ಬತ್ತಲು ಐದು ವಾರ ಬೇಕಾಯಿತು. ಮೊದಲು ನೀರು ಹಸಿರಾಯಿತು, ಆಮೇಲೆ ಗಂಜಿಯ ಹಾಗೆ, ಆಮೇಲೆ ಕೆಸರು, ಆಮೇಲೆ ಬಿರುಕು. ಇಂಪಾಲ ಜಿಂಕೆಗಳು ಮೊದಲು ಹೋದವು. ಜೀಬ್ರಾ ಆಮೇಲೆ. ಕಾಡೆಮ್ಮೆ ಹಿಂಡು ಒಂದು ರಾತ್ರಿ ಎದ್ದು ನದಿಯ ಕಡೆ ಹೋದದ್ದರ ಹೆಜ್ಜೆ ಬೆಳಿಗ್ಗೆ ರಸ್ತೆ ಅಗಲಕ್ಕೂ ಇತ್ತು. ಒಂಟಿ ಸಲಗ ಒಂದು ಬರುತ್ತಿತ್ತು, ಎಡಗಿವಿಯಲ್ಲಿ ತಟ್ಟೆಯಷ್ಟು ತೂತು ಇದ್ದದ್ದು. ಸಂಜೆ ನಾಲ್ಕರ ಹೊತ್ತಿಗೆ ಬಂದು, ಪೈಪ್ ಬಾಯಿ ಇದ್ದ ಜಾಗದಲ್ಲಿ ಸೊಂಡಿಲಿನ ತುದಿಯಿಂದ ತಡವುತ್ತಿತ್ತು. ಆಫ್ರಿಕದ ಆನೆಯ ಸೊಂಡಿಲ ತುದಿಗೆ ಎರಡು ಬೆರಳು, ನಮ್ಮ ಆನೆಗೆ ಒಂದೇ. ಆ ಎರಡು ಬೆರಳಿನಿಂದ ವೆಲ್ಡ್ ಮಾಡಿದ ಕ್ಯಾಪಿನ ಅಂಚು ಹುಡುಕಿ, ಸುತ್ತ ಒಂದು ಸುತ್ತು ಬಂದು, ಅದರ ಮೇಲೆ ಉಸಿರು ಬಿಟ್ಟು ನಿಲ್ಲುತ್ತಿತ್ತು. ಕೆಳಗೆ ನೀರಿರೋದು ಅದಕ್ಕೆ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

"ಅವನ ಚಿಂತೆ ಬಿಡು" ಅಂದರು ತಾತಾನಾ. "ಹತ್ತು ಕಿಲೋಮೀಟರ್ ಅಂದರೆ ಅವನಿಗೆ ನೀನು ಅಡುಗೆಮನೆಗೆ ಹೋದ ಹಾಗೆ. ನದಿಯ ಮರಳಲ್ಲಿ ಎಲ್ಲಿ ತೋಡಿದರೆ ನೀರು ಬರುತ್ತೆ ಅಂತ ನಿನ್ನ ಯಂತ್ರಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತು."

ದಗಾ ಹೋಗಲಿಲ್ಲ. ಕೆಸರು ಗಟ್ಟಿಯಾದರೂ ಅದೇ ಗುಂಡಿಯಲ್ಲಿ ಮಲಗಿದ್ದ. ಮೈ ಮೇಲಿನ ಮಣ್ಣು ಒಣಗಿ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ರಾತ್ರಿ ಎಲ್ಲೋ ಹೋಗಿ ಕುಡಿದು ಬರುತ್ತಾನೆ ಅಂತ ನಾನು ಅಂದುಕೊಂಡೆ. ಹೆಜ್ಜೆ ನೋಡಿದ ತಾತಾನಾ ಏನೂ ಹೇಳಲಿಲ್ಲ. ಜೂನ್‌ನ ಒಂದು ರಾತ್ರಿ ಸಿಂಹಗಳು ಬಂದವು. ಬೆಳಿಗ್ಗೆ ರಣಹದ್ದು ಸುತ್ತುತ್ತಿದ್ದವು. ಗೆಸ್ಟ್‌ಗಳ ನಾಲ್ಕು ಗಾಡಿ ಅಲ್ಲಿ ನಿಂತಿದ್ದವು. ಐದು ಹೆಣ್ಣು ಸಿಂಹ, ಎರಡು ಮರಿ, ಒಳ್ಳೇ ಬೆಳಕು. ಆ ವರ್ಷದ ಅತಿ ಒಳ್ಳೇ ಸೈಟಿಂಗ್ ಅಂತ ಎಲ್ಲರೂ ಹೇಳಿದರು. ಮ್ಯಾನೇಜರ್ ಮುಖದಲ್ಲಿ ಮೊದಲ ಸಲ ಆ ಹೊಂಡ ಮುಚ್ಚಿದ್ದಕ್ಕೆ ನಗು.

ಆ ಭಾನುವಾರ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಹೇಳಬಾರದಿತ್ತೇನೋ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುದಿ ಎತ್ತು ದೂರಕ್ಕೆ ನಡೆಯಲ್ಲ ಕಣಪ್ಪ, ಅದು ನಿಂಗೆ ಗೊತ್ತಿರಲಿಲ್ವಾ?" ಅಂದಳು. ಬೋಳು ನೆಲದ ಕಥೆ, ರೋನ್ ಕಥೆ, ಎಲ್ಲ ಹೇಳಿದೆ. ಕೇಳಿದಳು. "ಸರಿ, ಓದಿದೋರು ಹೇಳಿದ್ದಾರೆ ಅಂದ್ರೆ ಇರಬಹುದು" ಅಂದಳು. ಆಮೇಲೆ, "ಆದ್ರೂ ನಿನ್ನ ಕೈಯಾಗೇ ಯಾಕೆ ಮಾಡಿಸಿದ್ರು?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಬೋರ್ ರಿಪೇರಿಯವನ ಕೈಯಲ್ಲಿ ಅಲ್ಲದೆ ಇನ್ಯಾರ ಕೈಯಲ್ಲಿ ಮಾಡಿಸ್ತಾರೆ?

ಎರಡು ಮಳೆಗಾಲ ಆಯಿತು. ಮೊದಲನೇ ವರ್ಷ ಏನೂ ಇಲ್ಲ, ಬರೀ ಮುಳ್ಳು, ಕಳೆ. ಎರಡನೇ ವರ್ಷ ಜನವರಿಯಲ್ಲಿ ಅಂಚಿನಿಂದ ಹುಲ್ಲು ಒಳಗೆ ಬರೋಕೆ ಶುರುವಾಯಿತು, ಬೋಳು ತಲೆಯಲ್ಲಿ ಕೂದಲು ಬರೋ ಹಾಗೆ ಅಲ್ಲೊಂದು ಇಲ್ಲೊಂದು. ಆ ಹುಡುಗಿ ಚೌಕಟ್ಟು ಇಟ್ಟು ಎಣಿಸುತ್ತಾಳೆ, ಖುಷಿಯಾಗಿದ್ದಾಳೆ. ಮಧ್ಯದಲ್ಲಿ ಗುಂಡಿ ಇದ್ದ ಕಡೆ ಇನ್ನೂ ಏನೂ ಬಂದಿಲ್ಲ. ಅಷ್ಟು ವರ್ಷ ತುಳಿದ ಮಣ್ಣು, ಸಿಮೆಂಟಿನ ಹಾಗೆ ಗಟ್ಟಿ. ಅಲ್ಲಿ ಒಂದು ಸವೆದ ಕೊಂಬು ಬಿದ್ದಿದೆ. ಕೊಂಬು ತಿನ್ನುವ ಪತಂಗದ ಹುಳಗಳು ಅದರ ಮೇಲೆ ಸಣ್ಣ ಸಣ್ಣ ಕೊಳವೆ ಕಟ್ಟಿವೆ.

ಈ ವರ್ಷ ಆಗಸ್ಟ್‌ನಲ್ಲಿ ಬೇರೆ ಲೈನ್ ನೋಡಲು ಹೋಗುವಾಗ ಆ ದಾರಿಯಲ್ಲೇ ಬಂದೆವು. ಕಿವಿ ತೂತಿನ ಸಲಗ ಅಲ್ಲಿತ್ತು. ಎರಡು ವರ್ಷ ಆದರೂ, ನೀರಿಲ್ಲ ಅಂತ ಗೊತ್ತಿದ್ದರೂ, ಕ್ಯಾಪಿನ ಮೇಲೆ ಸೊಂಡಿಲು ಇಟ್ಟುಕೊಂಡು. ತಾತಾನಾ ಎಂಜಿನ್ ಆಫ್ ಮಾಡಿದರು. ಬಕಿಯ ಹಿಂದೆ 20 ಲೀಟರಿನ ಎರಡು ಕ್ಯಾನ್ ನೀರು ಯಾವಾಗಲೂ ಇರುತ್ತದೆ, ನಮಗೆ ಕುಡಿಯಲು. ದಿನಕ್ಕೆ ನೂರು ನೂರೈವತ್ತು ಲೀಟರ್ ಕುಡಿಯೋ ಪ್ರಾಣಿಗೆ ಅದು ಬಾಯಿ ಒದ್ದೆಗೂ ಸಾಲಲ್ಲ. ನಾನು ಹಿಂದೆ ತಿರುಗಿ ನೋಡಿದೆ, ಅಷ್ಟೇ.

"ಬೇಡ" ಅಂದರು ತಾತಾನಾ.

"ನಾನೇನೂ ಹೇಳಲಿಲ್ಲವಲ್ಲ."

"ಅದಕ್ಕೇ."

ರೇಡಿಯೊ ಕರೆಯಿತು. ನಾಲ್ಕನೇ ರೂಮಿನಲ್ಲಿ ಷವರ್ ಬರುತ್ತಿಲ್ಲ.